ಫಿಲಿಪಿನೊ ಪ್ರಜೆ ಮಾಡಿದ ತಪ್ಪೇನು?

“ಜನ ಎಂಥವರೋ ಸರ್ಕಾರವೂ ಅಂಥದೇ” ಎಂಬ ಮಾತನ್ನು ದೊಡ್ಡ ಮನುಷ್ಯರು ಬಾಯಿಪಾಠ ಮಾಡಿಟ್ಟುಕೊಂಡಿದ್ದಾರೆ. ಮಜೂರಿ ಸಾಲದೆಂದು ಗಿರಣಿಯ ಕೂಲಿಕಾರ ಹೇಳಿದರೆ ಇದೇ ಮಾತು. ತೆರಿಗೆ, ಬಡ್ಡಿ, ಮಾಮೂಲು ಮೂರೂ ಸೇರಿ ಅಂಗಡಿ ಮುಳುಗುತ್ತಿದೆಯೆಂದು ಸಣ್ಣ ವ್ಯಾಪಾರಿ ಗೊಣಗಿದರೂ ಇದೇ ಮಾತು. “ಆರಿಸಿದವರು ನೀವೇ ಅಲ್ಲವೆ? ಅನುಭವಿಸಿ!” ಎಂದು ಹೇಳಿ ಅವರು ಕೈತೊಳೆದುಕೊಳ್ಳುತ್ತಾರೆ. ಈ ಮಾತು ಗಟ್ಟಿಯೋ ಪೊಳ್ಳೋ ಎಂದು ಒರೆಗೆ ಹಚ್ಚಿ ನೋಡುವುದಕ್ಕೆ ಫಿಲಿಪೈನ್ಸಿಗಿಂತ ಒಳ್ಳೆಯ ದೇಶ ಬೇರೆ ಸಿಗದು. ಏಕೆಂದರೆ ಆ ದೇಶದ ಜನ ಒಳ್ಳೆಯ ಸರ್ಕಾರಕ್ಕಾಗಿ ಏನೇನು ಮಾಡಬಹುದೋ ಅದೆಲ್ಲವನ್ನೂ ಮಾಡಿ ನೋಡಿದ್ದಾರೆ.

ಆ ದೇಶದ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿಯೂ, ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿಯೂ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಅಲ್ಲಿಯದೇ. 1957ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಅಲ್ಲಿಯ ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆಯವರ ಹೆಸರಿನದು ಅದು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳು, ಸುಮಾರು 11 ಕೋಟಿ ಜನ, ರಾಜಧಾನಿ ಮನಿಲ. ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರನ್ನು ಕೇಳಿದರೆ ಫಿಲಿಪಿನೊ ನರ್ಸುಗಳನ್ನೂ ಹಡಗಿನ ಕೆಲಸಗಾರರನ್ನೂ ಕಂಡ ಮಾತು ಹೇಳುತ್ತಾರೆ. ಮೈಮುರಿದು ದುಡಿಯುವ ಜನವೆಂದು ಹೊಗಳುತ್ತಾರೆ.

ಇಂಥ ಜನಕ್ಕೆ ಅವರ ದೇಶದ ಸಿರಿವಂತರು ಇಟ್ಟಿರುವ ಹೆಸರೇನು ಗೊತ್ತೆ? “ಬೊಬೊತಾಂತೆ.” ಅವರ ಭಾಷೆಯಲ್ಲಿ ಬೊಬೊ ಎಂದರೆ ದಡ್ಡ, ಬೊತಾಂತೆ ಎಂದರೆ ಮತದಾರ, ಎರಡನ್ನೂ ಹೊಸೆದು ಮಾಡಿದ ಬೈಗುಳ. ಸ್ಪೇನಿನವರು ಆಳುತ್ತಿದ್ದಾಗ ಇದೇ ಜನಕ್ಕೆ “ಸೋಮಾರಿಗಳು” ಎಂಬ ಹೆಸರಿತ್ತು. ಆ ನಿಂದೆಗೆ ಹೋಸೆ ರಿಸಾಲ್ ಎಂಬ ವೈದ್ಯ ಲೇಖಕ 1890ರಲ್ಲಿಯೇ ಉತ್ತರ ಬರೆದ. ದುಡಿದದ್ದೆಲ್ಲ ಒಡೆಯನ ಕಣಜಕ್ಕೆ ಹೋಗುವಲ್ಲಿ ದುಡಿಯುವ ಉತ್ಸಾಹ ಎಲ್ಲಿಂದ ಬಂದೀತು, ಸೋಮಾರಿತನ ರೋಗವಲ್ಲ, ಕೆಟ್ಟ ಆಡಳಿತವೆಂಬ ರೋಗದ ಲಕ್ಷಣ ಎಂಬುದು ಅವನ ವಾದದ ತಿರುಳು. ಆರು ವರ್ಷದ ಮೇಲೆ, 1896ರ ಡಿಸೆಂಬರ್ 30ರಂದು, ಸ್ಪೇನಿನ ಸರ್ಕಾರ ಅವನನ್ನು ಮನಿಲದ ಬಯಲಿನಲ್ಲಿ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಅಂದು ಸೋಮಾರಿ, ಇಂದು ದಡ್ಡ. ಬೈಗುಳ ಬದಲಾಯಿತೇ ಹೊರತು ಬೈಯುವವರ ಜಾಗ ಬದಲಾಗಿಲ್ಲ.

ಮಾರಾಟವಾದ ಸ್ವಾತಂತ್ರ್ಯ

ಈ ಜನ ಸ್ವಾತಂತ್ರ್ಯಕ್ಕಾಗಿ ಬೇರೆಯವರ ಬಾಗಿಲಿಗೆ ಹೋಗಿ ಕಾದವರಲ್ಲ. ಮನಿಲದ ಉಗ್ರಾಣವೊಂದರಲ್ಲಿ ಕೆಲಸಕ್ಕಿದ್ದ ಆಂದ್ರೆಸ್ ಬೊನಿಫಾಸಿಯೊ ಎಂಬಾತ 1892ರಲ್ಲಿ ಕಾತಿಪುನಾನ್ ಎಂಬ ಗುಪ್ತಸಂಘ ಕಟ್ಟಿದವರಲ್ಲಿ ಮುಖ್ಯನು. ಬಡವರ ಮನೆಯಲ್ಲಿ ಹುಟ್ಟಿ, ಬೆತ್ತ, ಬೀಸಣಿಗೆ ಮಾರಿ ಒಡಹುಟ್ಟಿದವರನ್ನು ಸಾಕಿದವನು ಅವನು. 1896ರಲ್ಲಿ ದಂಗೆ ಎದ್ದಿತು. ಆದರೆ ಮರುವರ್ಷವೇ ನಾಯಕತ್ವ ಊರಗೌಡಿಕೆಯ ಮನೆತನಗಳ ಕೈಗೆ ಜಾರಿತು. 1897ರ ಮೇ 10ರಂದು ಬೊನಿಫಾಸಿಯೊ ಸತ್ತದ್ದು ಸ್ಪೇನಿನವರ ಗುಂಡಿಗಲ್ಲ, ಅಗಿನಾಲ್ಡೊನ ಕ್ರಾಂತಿ ಸರ್ಕಾರ ವಿಧಿಸಿದ ಮರಣದಂಡನೆಗೆ. ಕೂಲಿಕಾರ ಕಟ್ಟಿದ ಮನೆಗೆ ಕುಳವಾಡಿ ಬಂದು ಯಜಮಾನನಾದ ಕಥೆ ಅಲ್ಲಿಂದ ಮೊದಲಾಗುತ್ತದೆ.

1898ರ ಜೂನ್ 12ರಂದು ಅಗಿನಾಲ್ಡೊ ಸ್ವಾತಂತ್ರ್ಯ ಸಾರಿದ. ಅದೇ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಕುಳಿತು ಸ್ಪೇನು ಇಡೀ ದೇಶವನ್ನು ಅಮೆರಿಕಕ್ಕೆ 2 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಸಂತೆಯಲ್ಲಿ ದನ ಮಾರಿದಂತೆ ನಡೆದ ಆ ವ್ಯವಹಾರದಲ್ಲಿ ಫಿಲಿಪಿನೊಗಳ ಪ್ರತಿನಿಧಿಯ ಮಾತನ್ನು ಯಾರೂ ಕೇಳಲಿಲ್ಲ. 1899ರಿಂದ ಯುದ್ಧ ನಡೆಯಿತು. ಹಿಂಸೆ, ಹಸಿವು, ರೋಗಗಳಿಂದ 2 ಲಕ್ಷದಷ್ಟು ಸಾಮಾನ್ಯ ಜನ ಸತ್ತಿರಬಹುದೆಂದು ಅಮೆರಿಕದ ಸರ್ಕಾರಿ ಬರಹವೇ ಒಪ್ಪುತ್ತದೆ.

ಗೆದ್ದ ಅಮೆರಿಕ ಮಾಡಿದ್ದೇನು? ಶಾಲೆ ತೆರೆಯಿತು, ರಸ್ತೆ ಹಾಕಿತು, ನಿಜ. 1907ರಲ್ಲಿ ಚುನಾವಣೆಯನ್ನೂ ನಡೆಸಿತು. ಆದರೆ ಮತದ ಹಕ್ಕು ಯಾರಿಗೆ? ಆಸ್ತಿಯಿದ್ದವನಿಗೆ, ಹಿಂದೆ ಊರ ಅಧಿಕಾರ ನಡೆಸಿದವನಿಗೆ, ಇಂಗ್ಲಿಷೋ ಸ್ಪ್ಯಾನಿಷೋ ಓದು ಬರಹ ಬಲ್ಲವನಿಗೆ. ಅದೂ ಗಂಡಸರಿಗೆ ಮಾತ್ರ. ಸ್ಪೇನಿನ ಪಾದ್ರಿಗಳ ಮಠಗಳಲ್ಲಿದ್ದ ಸುಮಾರು 4 ಲಕ್ಷ ಎಕರೆ ಭೂಮಿಯನ್ನು ಅಮೆರಿಕನ್ ಸರ್ಕಾರ 1903ರಲ್ಲಿ ಕೊಂಡಿತು. ಉಳುವವನಿಗೆ ಕೊಡುತ್ತೇವೆಂದು ಹೇಳಿದ್ದೇನೋ ಹೌದು. ಬೆಲೆ ಕಟ್ಟಲು ಶಕ್ತಿಯಿದ್ದವರಾರು? ಬಹುಪಾಲು ಭೂಮಿ ಉಳ್ಳವರ ಪಾಲಾಯಿತು. ಹೀಗೆ ಹೊಲವೂ ಮತವೂ ಒಂದೇ ಮನೆಯ ಕೀಲಿಕೈ ಗೊಂಚಲಿಗೆ ಸೇರಿದವು. ಆ ದೇಶದ ರಾಜಕೀಯ ಇಂದಿಗೂ ಮನೆತನಗಳ ರಾಜಕೀಯವಾಗಿರುವುದಕ್ಕೆ ಬೇರು ಇಲ್ಲಿದೆ, ಜನರ ರಕ್ತದಲ್ಲಿಲ್ಲ.

1946ರ ಜುಲೈ 4ರಂದು ಅಮೆರಿಕ ಧ್ವಜ ಇಳಿಸಿತು. ಜೊತೆಗೊಂದು ಕರಾರು: ದೇಶದ ಗಣಿ, ಕಾಡು, ಭೂಸಂಪತ್ತುಗಳಲ್ಲಿ ಅಮೆರಿಕನ್ನರಿಗೂ ಫಿಲಿಪಿನೊಗಳಷ್ಟೇ ಹಕ್ಕಿರಬೇಕು, ಒಪ್ಪದಿದ್ದರೆ ಯುದ್ಧದಲ್ಲಿ ಹಾಳಾದ ದೇಶಕ್ಕೆ ಪೂರ್ಣ ಪರಿಹಾರವಿಲ್ಲ. ಇದಕ್ಕೆ ಸಂವಿಧಾನ ತಿದ್ದಬೇಕಿತ್ತು, ಮುಕ್ಕಾಲು ಪಾಲು ಬಹುಮತ ಬೇಕಿತ್ತು. ಆ ವರ್ಷ ರೈತರ ಬೆಂಬಲದಿಂದ ಡೆಮೊಕ್ರಾಟಿಕ್ ಅಲಯನ್ಸಿನ ಆರು ಮಂದಿ ಗೆದ್ದು ಬಂದಿದ್ದರು. ಅವರಲ್ಲಿ ಜಪಾನೀಯರ ವಿರುದ್ಧ ಹುಕ್ ರೈತಸೇನೆಯನ್ನು ನಡೆಸಿದ್ದ ಲೂಯಿಸ್ ತಾರುಕ್ ಒಬ್ಬರು. ಆರು ಮಂದಿಗೂ ಸಭೆಯಲ್ಲಿ ಕೂಡಲು ಬಿಡಲಿಲ್ಲ! ಕರಾರು ಪಾಸಾಯಿತು. “ಮತ ಹಾಕಿ, ನಿಮ್ಮವರನ್ನು ಆರಿಸಿ” ಎಂದವರೇ ಆರಿಸಿ ಬಂದವರನ್ನು ಬಾಗಿಲಿಂದಾಚೆ ನೂಕಿದರು. ತಾರುಕ್ ಮತ್ತೆ ಕಾಡಿಗೆ ಹೋದರು. ಇಲ್ಲಿ ತಪ್ಪು ಮತದಾರನದೋ?

ಒಬ್ಬ ಪ್ರಜೆಯ ಅರವತ್ತು ವರ್ಷ

ಈಗ ಒಬ್ಬ ಫಿಲಿಪಿನೊ ಕಾರ್ಮಿಕನನ್ನು ಮನಸ್ಸಿನಲ್ಲಿ ಊಹಿಸಿಕೊಳ್ಳೋಣ. ಹೆಸರು ಬೇಡ, ಅಂಥವರು ಲಕ್ಷಾಂತರ. ಫರ್ಡಿನಾಂಡ್ ಮಾರ್ಕೋಸ್ ಮೊದಲ ಸಲ ಅಧ್ಯಕ್ಷನಾಗಿ ಗೆದ್ದ 1965ರಲ್ಲಿ ಹುಟ್ಟಿದವನು ಎನ್ನೋಣ.

ಅವನಿಗೆ ಏಳು ವರ್ಷವಾದಾಗ, 1972ರ ಸೆಪ್ಟೆಂಬರಿನಲ್ಲಿ, ಮಾರ್ಕೋಸ್ ಸೈನಿಕ ಶಾಸನ ಹೇರಿದ. ಸಭೆ ಕೂಡದು, ಮುಷ್ಕರ ಕೂಡದು, ಪತ್ರಿಕೆ ಕೂಡದು. “ಶಿಸ್ತು ಬಂದರೆ ದೇಶ ಉದ್ಧಾರ” ಎಂಬುದು ಘೋಷಣೆ. ಉದ್ಧಾರವಾದವರು ಯಾರು? ಮಾರ್ಕೋಸ್ ಮನೆಯವರು, ಅವರ ಬಂಧುಗಳು, ಅವರ ಗೆಳೆಯರು. ಮಾನವಹಕ್ಕು ಸಂಸ್ಥೆಗಳ ಲೆಕ್ಕದಂತೆ ಸುಮಾರು 70,000 ಜನ ಸೆರೆಗೆ ಹೋದರು, 34,000 ಜನ ಚಿತ್ರಹಿಂಸೆ ಉಂಡರು, 3,200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ದೇಶದಿಂದ ಲೂಟಿಯಾದದ್ದು 500 ಕೋಟಿಯಿಂದ 1,000 ಕೋಟಿ ಡಾಲರ್ ಎಂದು ಅಂದಾಜು.

ನಮ್ಮ ಕಾರ್ಮಿಕನಿಗೆ ಇಪ್ಪತ್ತು ತುಂಬಿದಾಗ, 1986ರ ಫೆಬ್ರವರಿ 22ರಿಂದ 25ರವರೆಗೆ, ಮನಿಲದ ಎಡ್ಸಾ ಎಂಬ ಹೆದ್ದಾರಿಯಲ್ಲಿ ಲಕ್ಷಾಂತರ ಜನ ಟ್ಯಾಂಕುಗಳಿಗೆ ಅಡ್ಡ ನಿಂತರು. ಸಿಪಾಯಿಗಳ ಕೈಗೆ ಹೂವು ಕೊಟ್ಟರು, ಊಟ ಕೊಟ್ಟರು. ಸಿಪಾಯಿಗಳು ಗುಂಡು ಹಾರಿಸಲಿಲ್ಲ. ಮಾರ್ಕೋಸ್ ಅಮೆರಿಕದ ವಿಮಾನ ಹತ್ತಿ ಹವಾಯಿಗೆ ಓಡಿದ. ರಕ್ತ ಹರಿಸದೆ ಸರ್ವಾಧಿಕಾರಿಯನ್ನು ಇಳಿಸಿದ ಜನ ಇವರು! ಇವರನ್ನೇ ದಡ್ಡರೆನ್ನುವುದು?

ಕೊಲೆಯಾದ ವಿರೋಧಿ ನಾಯಕ ಬೆನಿಗ್ನೊ ಅಕಿನೊ ಅವರ ಪತ್ನಿ ಕೊರಸಾನ್ ಅಕಿನೊ ಅಧ್ಯಕ್ಷೆಯಾದರು. ಒಳ್ಳೆಯವರು, ಸರಳರು, ಪ್ರಜಾಸತ್ತೆಯನ್ನು ಮರಳಿ ತಂದವರು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ 1987ರ ಜನವರಿ 22ರಂದು ಭೂಮಿ ಕೇಳಲು ಅವರ ಅರಮನೆಯತ್ತ ಹೊರಟ ರೈತರ ಮೇಲೆ ಮೆಂದಿಯೋಲ ಸೇತುವೆಯ ಬಳಿ ಗುಂಡು ಹಾರಿತು. 13 ರೈತರು ಸತ್ತರು. ಎಡ್ಸಾ ಮುಗಿದು ಹನ್ನೊಂದು ತಿಂಗಳೂ ಪೂರ್ತಿ ಆಗಿರಲಿಲ್ಲ.

1988ರಲ್ಲಿ ಭೂಸುಧಾರಣೆಯ ಕಾನೂನು ಬಂತು. ಅದಕ್ಕೊಂದು ಕಿಂಡಿ ಬಿಟ್ಟಿದ್ದರು: ಭೂಮಿಯ ಬದಲು ಕಂಪನಿಯ ಷೇರು ಹಂಚಿದರೂ ಆದೀತು. ತಾರ್ಲಾಕ್ ಪ್ರಾಂತದಲ್ಲಿ ಅಧ್ಯಕ್ಷೆಯ ತವರುಮನೆ ಕೊಹ್ವಾಂಕೊ ಕುಟುಂಬಕ್ಕೆ ಹಸಿಯೆಂಡ ಲುಯಿಸಿತ ಎಂಬ 6,000 ಹೆಕ್ಟೇರಿಗೂ ದೊಡ್ಡ ಕಬ್ಬಿನ ಎಸ್ಟೇಟು ಇತ್ತು. ರೈತರಿಗೆ ಹಂಚಬೇಕೆಂಬ ಷರತ್ತಿನ ಮೇಲೆ, ಸರ್ಕಾರದ ಆಸರೆಯ ಸಾಲದಿಂದ, 1950ರ ದಶಕದ ಕೊನೆಯಲ್ಲಿ ಕೊಂಡ ಭೂಮಿ ಅದು. ಆ ಕುಟುಂಬ 1989ರಲ್ಲಿ ಇದೇ ಕಿಂಡಿಯಿಂದ ನುಸುಳಿ ಕೂಲಿಯವರ ಕೈಗೆ ಷೇರಿನ ಕಾಗದ ಕೊಟ್ಟಿತು. ಕಾಗದದಲ್ಲಿ ಕಬ್ಬು ಬೆಳೆಯುತ್ತದೆಯೆ?

2004ರ ನವೆಂಬರಿನಲ್ಲಿ ಆ ಎಸ್ಟೇಟಿನ ಕಬ್ಬು ಕಡಿಯುವವರೂ ಸಕ್ಕರೆ ಗಿರಣಿಯ ಕೆಲಸಗಾರರೂ ಕೂಡಿ ಮುಷ್ಕರ ಹೂಡಿದರು. 16ರಂದು ಪೊಲೀಸರೂ ಸಿಪಾಯಿಗಳೂ ಗುಂಡು ಹಾರಿಸಿದರು; ಏಳು ಮಂದಿ ಸತ್ತರು. ಭೂಮಿ ಹಂಚಲೇಬೇಕೆಂಬ ಸುಪ್ರೀಂ ಕೋರ್ಟಿನ ತೀರ್ಪು ಕೊನೆಯದಾಗಿ ಗಟ್ಟಿಯಾದದ್ದು 2012ರಲ್ಲಿ. ಎಡ್ಸಾದಲ್ಲಿ ಇಪ್ಪತ್ತರ ತರುಣನಾಗಿದ್ದವನಿಗೆ ಆಗ ನಲವತ್ತೇಳು. ಯಾರು ಆಳಿದರೂ ರಾಗಿ ಬೀಸುವುದು ತಪ್ಪದು ಎಂದು ನಮ್ಮ ಹಳ್ಳಿಯ ಮುದುಕಿಯರು ಸುಮ್ಮನೆ ಹೇಳಿದರೆ?

ಬಾಗಿಲು ಮುಚ್ಚಿದ ಮನೆಗಳು

1987ರ ಸಂವಿಧಾನದಲ್ಲಿ ಒಂದು ಒಳ್ಳೆಯ ಮಾತಿದೆ: ಸರ್ಕಾರಿ ಅಧಿಕಾರ ಎಲ್ಲರಿಗೂ ಸಮಾನವಾಗಿ ಎಟುಕಬೇಕು, ಮನೆತನಗಳ ರಾಜಕೀಯವನ್ನು ನಿಷೇಧಿಸಬೇಕು. ಕೊನೆಗೊಂದು ಬಾಲ: “ಕಾನೂನಿನಲ್ಲಿ ವಿವರಿಸಿದಂತೆ.” ಆ ಕಾನೂನು ಮಾಡಬೇಕಾದವರು ಯಾರು? ಕಾಂಗ್ರೆಸ್ ಎಂಬ ಅಲ್ಲಿಯ ಶಾಸನಸಭೆ. ಅಲ್ಲಿ ಕೂತವರು ಯಾರು? ಅದೇ ಮನೆತನಗಳ ಅಪ್ಪ, ಮಗ, ಸೊಸೆ, ಅಳಿಯಂದಿರು. ಮೂವತ್ತೆಂಟು ವರ್ಷ ಕಳೆದು 2025ರ ಚುನಾವಣೆ ಬಂದರೂ ಕಾನೂನು ಬರಲಿಲ್ಲ. ಊರೂರಿನ ಯುವಕರ ಮಂಡಳಿಗೆ ಮಾತ್ರ 2016ರಲ್ಲಿ ಆ ನಿಯಮ ಹಾಕಿದರು. ಹುಡುಗರಿಗೆ ನೀತಿಪಾಠ, ದೊಡ್ಡವರಿಗೆ ರಿಯಾಯಿತಿ!

ಬಡವರಿಗಾಗಿ ಇನ್ನೊಂದು ಏರ್ಪಾಡಿತ್ತು. ಕೆಳಸಭೆಯ ಐದರಲ್ಲೊಂದು ಪಾಲು ಸ್ಥಾನ ಪಕ್ಷಪಟ್ಟಿಗೆ ಮೀಸಲು. ಕೂಲಿಕಾರ, ರೈತ, ಮೀನುಗಾರರ ಸಂಘಗಳು ಅದರ ಮೂಲಕ ಒಳಬರಬೇಕೆಂಬುದು ಆಶಯ. ಆದದ್ದೇನು? ಅಧ್ಯಕ್ಷೆ ಗ್ಲೋರಿಯ ಅರೊಯೊ ಅವರ ಮಗ 2010ರಲ್ಲಿ ಕಾವಲುಗಾರರ ಮತ್ತು ಮೂರುಚಕ್ರದ ಗಾಡಿ ಓಡಿಸುವವರ ಪ್ರತಿನಿಧಿಯಾಗಿ ಒಳಗೆ ಬಂದ! ಪಟ್ಟಿಯಲ್ಲಿರುವವರು ದುರ್ಬಲ ವರ್ಗದವರೇ ಆಗಬೇಕೆಂದಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟೂ ಬಾಗಿಲು ಅಗಲ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಪಕ್ಷಗಳ ಗತಿಯೋ ಹೇಳತೀರದು. ಗೆದ್ದವನ ಪಕ್ಷಕ್ಕೆ ರಾತ್ರೋರಾತ್ರಿ ಹಾರುವವರನ್ನು ಅಲ್ಲಿ “ಬಲಿಂಬಿಂಗ್” ಎನ್ನುತ್ತಾರೆ. ನಮ್ಮ ಕಡೆ ದಾರೆಹುಳಿ ಎನ್ನುವ, ಮೈಯೆಲ್ಲ ಏಣುಗಳಿರುವ ಹಣ್ಣು ಅದು. ಯಾವ ಕಡೆಯಿಂದ ನೋಡಿದರೂ ಒಂದು ಮುಖ ಕಾಣುತ್ತದೆ. ನಾವು ಆಯಾರಾಮ ಗಯಾರಾಮ ಎನ್ನುವುದಕ್ಕೆ ಅವರ ಹೆಸರು ಅದು. ಪಕ್ಷಕ್ಕೆ ಧೋರಣೆಯಿಲ್ಲ, ಸದಸ್ಯರಿಲ್ಲ, ಚಂದಾ ಇಲ್ಲ; ಮನೆತನದ ಮೂಟೆಗೆ ಹಚ್ಚಿದ ಮಾರ್ಕು ಅಷ್ಟೆ. ಅಂಗಡಿಯವರಿಗೆ ಈ ಮಾತು ಬೇಗ ತಿಳಿದೀತು. ಹತ್ತು ಮಾರ್ಕು, ಒಂದೇ ಗೋದಾಮು. ಗಿರಾಕಿ ಯಾವ ಡಬ್ಬ ಕೊಂಡರೂ ಒಳಗಿನ ಸರಕು ಒಂದೇ ಆದಾಗ ಗಿರಾಕಿಯನ್ನು ದಡ್ಡನೆನ್ನುವುದು ಯಾವ ನ್ಯಾಯ?

ಗಟ್ಟಿ ಕೈ ಎಂಬ ಮದ್ದು

ಒಳ್ಳೆಯವರಿಂದ ಆಗದೆ ಹೋದಾಗ ಜನ ಬಡವರ ಗೆಳೆಯನನ್ನು ಹುಡುಕಿದರು. ಸಿನೆಮಾದಲ್ಲಿ ಬಡವರ ಪರ ಹೊಡೆದಾಡುತ್ತಿದ್ದ ಜೋಸೆಫ್ ಎಸ್ಟ್ರಾಡ 1998ರಲ್ಲಿ ಗೆದ್ದ. 2001ರ ಜನವರಿಯಲ್ಲಿ ಲಂಚದ ಆರೋಪದ ಮೇಲೆ ಇಳಿದ. 2007ರಲ್ಲಿ ಲೂಟಿಯ ಅಪರಾಧಿಯೆಂದು ತೀರ್ಪಾಯಿತು. ಮುಂದಿನ ತಿಂಗಳೇ ಅಧ್ಯಕ್ಷೆ ಅರೊಯೊ ಕ್ಷಮೆ ಕೊಟ್ಟರು. 2013ರಲ್ಲಿ ಅವನೇ ಮನಿಲದ ಮೇಯರ್! ದೊಡ್ಡವರ ಜಗಳ ಬೀದಿಯಲ್ಲಿ, ರಾಜಿ ಹಜಾರದಲ್ಲಿ.

ಬಳಿಕ ಗಟ್ಟಿ ಕೈಯವನು ಬೇಕೆಂದರು. 2016ರಲ್ಲಿ ದವಾವೊ ನಗರದ ಮೇಯರ್ ರೊಡ್ರಿಗೊ ದುತೆರ್ತೆ ಅಧ್ಯಕ್ಷನಾದ. ಮಾದಕವಸ್ತುಗಳ ಮೇಲೆ ಯುದ್ಧ ಸಾರಿದ. ಪೊಲೀಸರ ಲೆಕ್ಕದಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಹಕ್ಕಿನ ಸಂಸ್ಥೆಗಳು ಹೇಳುವ ಲೆಕ್ಕ ಇನ್ನೂ ಬಹಳ ಹೆಚ್ಚು. ಸತ್ತವರು ಯಾವ ಬಂಗಲೆಯವರು? ಬಹುಪಾಲು ತಗಡಿನ ಗುಡಿಸಲಿನವರು. ಕಲೊಕಾನಿನಲ್ಲಿ 2017ರ ಆಗಸ್ಟಿನಲ್ಲಿ 17 ವರ್ಷದ ವಿದ್ಯಾರ್ಥಿಯೊಬ್ಬನನ್ನು ಕೊಂದದ್ದಕ್ಕಾಗಿ ಮರುವರ್ಷ ಮೂವರು ಪೊಲೀಸರಿಗೆ ಶಿಕ್ಷೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇದು.

ಇದೇ ಗಟ್ಟಿ ಕೈಯವನು ಕಾರ್ಮಿಕರಿಗೂ ಒಂದು ಮಾತು ಕೊಟ್ಟಿದ್ದ. ಅಲ್ಲಿ “ಎಂಡೊ” ಎಂಬ ಪಿಡುಗಿದೆ. ಆರು ತಿಂಗಳು ತುಂಬಿದರೆ ಕೆಲಸಗಾರನನ್ನು ಖಾಯಂ ಮಾಡಬೇಕೆಂದು ಕಾನೂನು. ಆದ್ದರಿಂದ ಐದನೆಯ ತಿಂಗಳಿಗೆ ಲೆಕ್ಕ ಮುಗಿಸಿ ಮನೆಗೆ ಕಳಿಸುವುದು, ಮತ್ತೆ ಹೊಸಬನಂತೆ ತೆಗೆದುಕೊಳ್ಳುವುದು. ಬದಲಿ ಕಾರ್ಮಿಕನೆಂಬ ಹಣೆಪಟ್ಟಿಯಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಡೊ ನಿಲ್ಲಿಸುತ್ತೇನೆ ಎಂದು 2016ರಲ್ಲಿ ದುತೆರ್ತೆ ಗುಡುಗಿದ. ಶಾಸನಸಭೆ ಒಂದು ಮಸೂದೆಯನ್ನು ಪಾಸು ಮಾಡಿತು. 2019ರ ಜುಲೈಯಲ್ಲಿ ಅದನ್ನು ತಳ್ಳಿಹಾಕಿದವನು ಅದೇ ದುತೆರ್ತೆ. ಗುಡಿಸಲಿನವನ ಎದೆಗೆ ಗುರಿಯಿಡುವಾಗ ನಡುಗದ ಕೈ ಮಾಲೀಕರ ಕಾಗದದ ಮುಂದೆ ನಡುಗಿತು. ಗಟ್ಟಿ ಕೈ ಯಾರ ಮೇಲೆ ಗಟ್ಟಿ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

2025ರ ಮಾರ್ಚ್ 11ರಂದು ದುತೆರ್ತೆಯನ್ನು ಹಿಡಿದು ಹೇಗಿನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಒಪ್ಪಿಸಿದರು. ಅದೇ ಮೇ ತಿಂಗಳಲ್ಲಿ, ಸೆರೆಯಲ್ಲಿದ್ದಂತೆಯೇ, ದವಾವೊದ ಮೇಯರ್ ಚುನಾವಣೆಯನ್ನು ಅವನೇ ಗೆದ್ದ. ಮಗ ಉಪಮೇಯರ್, ಮಗಳು ಸಾರಾ 2022ರಲ್ಲಿಯೇ ದೇಶದ ಉಪಾಧ್ಯಕ್ಷೆ.

ಆ 2022ರಲ್ಲಿ ಅಧ್ಯಕ್ಷನಾಗಿ ಗೆದ್ದವನು ಯಾರು? 1986ರಲ್ಲಿ ಓಡಿಹೋದ ಮಾರ್ಕೋಸನ ಮಗ, 3 ಕೋಟಿ 10 ಲಕ್ಷಕ್ಕೂ ಹೆಚ್ಚು ಮತಗಳಿಂದ. ತಂದೆಯ ಕಾಲದ ಹಿಂಸೆಗೆ ಸಿಕ್ಕ 11,103 ಜನರನ್ನು ಸರ್ಕಾರವೇ ಗುರುತಿಸಿ, ಸ್ವಿಸ್ ಬ್ಯಾಂಕಿನಿಂದ ಮರಳಿದ ಮಾರ್ಕೋಸನ ಹಣದಿಂದಲೇ ಪರಿಹಾರ ಹಂಚಿತ್ತು. ಆ ಮೇಲೂ ಮಗ ಗೆದ್ದ.

“ನೋಡಿದಿರಾ, ಜನ ದಡ್ಡರಲ್ಲವೆ?” ಎಂದು ದೊಡ್ಡ ಮನುಷ್ಯರು ಇಲ್ಲಿ ಮೀಸೆ ತಿರುವುತ್ತಾರೆ. ವೋಟಿಗೆ ದುಡ್ಡು ತೆಗೆದುಕೊಂಡವರಿಲ್ಲವೆ? ಇದ್ದಾರೆ. ತಂದೆಯ ಕಾಲ ಸುವರ್ಣಯುಗವಾಗಿತ್ತೆಂದು ಮೊಬೈಲಿನಲ್ಲಿ ಹರಿದ ಸುಳ್ಳನ್ನು ನಂಬಿದವರಿಲ್ಲವೆ? ಇದ್ದಾರೆ. ಆದರೆ ಎಡ್ಸಾದಲ್ಲಿ ನಿಂತವನ ಮಗನಿಗೆ ಮೂವತ್ತಾರು ವರ್ಷದಲ್ಲಿ ಸಿಕ್ಕಿದ್ದೇನು? ಭೂಮಿ ಸಿಗಲಿಲ್ಲ, ಖಾಯಂ ಕೆಲಸ ಸಿಗಲಿಲ್ಲ. ಪ್ರಜಾಸತ್ತೆ ತಂದವರು ಅದರೊಳಗೆ ಅನ್ನ ಇಡದೆ ಹೋದಾಗ, ಇಪ್ಪತ್ತು ಪೆಸೊಗೆ ಕಿಲೊ ಅಕ್ಕಿ ಕೊಡುತ್ತೇನೆ ಎಂದವನ ಮಾತು ಕಿವಿಗೆ ಬಿದ್ದರೆ ಆಶ್ಚರ್ಯವೇನು? ಅನ್ನದ ಆಸೆಗೆ ಮತ ಹಾಕಿದವನಿಗಿಂತ ಹಸಿವನ್ನು ಉಳಿಸಿ ಇಟ್ಟವನೇ ದೊಡ್ಡ ಅಪರಾಧಿ.

ಆ ಅಕ್ಕಿಯ ಕಥೆಯೂ ಕೇಳಿ. ಜಗತ್ತಿಗೆ ಹೊಸ ಭತ್ತದ ತಳಿ ಕೊಟ್ಟ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಿಂದ ಇರುವುದು ಅಲ್ಲಿಯ ಲೊಸ್ ಬಾನ್ಯೊಸಿನಲ್ಲಿ. ಅದೇ ದೇಶ ಇಂದು ಹೊರಗಿನ ಅಕ್ಕಿ ಕೊಳ್ಳುವ ದೇಶಗಳ ಮುಂಚೂಣಿಯಲ್ಲಿದೆ. 2019ರ ಕಾನೂನು ಆಮದಿನ ಮಿತಿಯನ್ನು ತೆಗೆದುಹಾಕಿದಾಗ ರೈತನ ಭತ್ತದ ಬೆಲೆ ಬಿತ್ತು. ಇಪ್ಪತ್ತು ಪೆಸೊ ಅಕ್ಕಿಯನ್ನು 2025ರ ಮೇ ತಿಂಗಳಲ್ಲಿ ಕೆಲವೆಡೆ, ಕೆಲವರಿಗೆ, ಸರ್ಕಾರ ಕೈಯಿಂದ ಹಣ ತುಂಬಿ ಕೊಡಲಾರಂಭಿಸಿತು. ಮಾತು ಕೊಟ್ಟು ಮೂರು ವರ್ಷವಾಗಿತ್ತು.

ಮಜೂರಿಯ ಲೆಕ್ಕ, ಬಡ್ಡಿಯ ಲೆಕ್ಕ

1989ರಲ್ಲಿ ಒಂದು ಕಾನೂನು ಮಾಡಿ ಕನಿಷ್ಠ ಮಜೂರಿಯನ್ನು ಪ್ರಾಂತಕ್ಕೊಂದರಂತೆ ಮಂಡಳಿಗಳಿಗೆ ಹಂಚಿಬಿಟ್ಟರು. ಹೀಗಾಗಿ ದೇಶದ ಕಾರ್ಮಿಕರು ಒಂದೇ ದನಿಯಲ್ಲಿ ಕೇಳುವುದು ಕಷ್ಟವಾಯಿತು. 2025ರಲ್ಲಿ ದಿನಕ್ಕೆ 200 ಪೆಸೊ ಹೆಚ್ಚಿಸುವ ಮಸೂದೆ ಕೆಳಸಭೆಯಲ್ಲಿ ಪಾಸಾಯಿತು. ಮೇಲ್ಸಭೆಯದು 100 ಪೆಸೊ. ಎರಡೂ ಸಭೆಗಳು ಕೂತು ಒಂದು ಅಂಕಿಗೆ ಬರುವ ಮೊದಲೇ ಜೂನಿನಲ್ಲಿ ಅಧಿವೇಶನ ಮುಗಿಯಿತು, ಮಸೂದೆ ಸತ್ತಿತು. ಜುಲೈಯಲ್ಲಿ ಮನಿಲ ಪ್ರದೇಶದ ಮಂಡಳಿ 50 ಪೆಸೊ ಹೆಚ್ಚಿಸಿ ದಿನದ ಕನಿಷ್ಠ ಮಜೂರಿಯನ್ನು 695 ಪೆಸೊ ಮಾಡಿತು. 200 ಕೇಳಿದವನ ಕೈಗೆ 50 ಇಟ್ಟು ಉಪಕಾರ ಮಾಡಿದೆವೆಂದರು.

ಸಣ್ಣ ವ್ಯಾಪಾರಿಯ ಪಾಡೂ ಬೇರೆಯಲ್ಲ. ಬೀದಿಬೀದಿಗೆ “ಸಾರಿಸಾರಿ” ಎಂಬ ಗೂಡಂಗಡಿ. ಎಣ್ಣೆ, ಉಪ್ಪು, ಸಿಗರೇಟು ಎಲ್ಲ ಬಿಡಿಬಿಡಿಯಾಗಿ ಮಾರಾಟ, ಏಕೆಂದರೆ ಗಿರಾಕಿಯ ಕೈಯಲ್ಲಿ ಒಂದು ದಿನದ ಕಾಸು ಮಾತ್ರ. ಬ್ಯಾಂಕು ಅವನಿಗೆ ಬಾಗಿಲು ತೆರೆಯದು. ಆಗ “ಐದಾರು” ಸಾಲ: ಐದು ತಂದರೆ ಆರು ಕೊಡಬೇಕು. ಈ ಸಾಲ ಕೊಡುವವರಲ್ಲಿ ಎಷ್ಟೋ ಮಂದಿ ನಮ್ಮ ದೇಶದಿಂದ, ಪಂಜಾಬಿನ ಕಡೆಯಿಂದ ಹೋದವರು; “ಬುಂಬಾಯ್” ಎಂದು ಅವರನ್ನು ಕರೆಯುತ್ತಾರೆ. 2017ರಲ್ಲಿ ಅವರನ್ನು ಹಿಡಿಯಿರೆಂದು ದುತೆರ್ತೆ ಅಪ್ಪಣೆ ಮಾಡಿದ. ಅಗ್ಗದ ಸಾಲಕ್ಕೆ ಬೇರೆ ದಾರಿಯಿದ್ದರೆ ಐದಕ್ಕೆ ಆರು ಕೊಡಲು ಯಾವ ಅಂಗಡಿಯವನು ಹೋಗುತ್ತಾನೆ? ಮೀಟರ್ ಬಡ್ಡಿಯ ಬಾಧೆ ಉಂಡ ನಮ್ಮ ಪೇಟೆಯವರೇ ಉತ್ತರ ಹೇಳಲಿ.

ಉಳಿದ ದಾರಿ ಹಡಗು, ವಿಮಾನ. 1974ರಲ್ಲಿ ಮಾರ್ಕೋಸ್ ಹೊರಡಿಸಿದ ಕಾರ್ಮಿಕ ಸಂಹಿತೆ ಜನರನ್ನು ಹೊರದೇಶದ ದುಡಿಮೆಗೆ ಕಳಿಸುವುದನ್ನು ಸರ್ಕಾರಿ ಕೆಲಸವನ್ನಾಗಿಯೇ ಮಾಡಿತು. 1988ರಲ್ಲಿ ಕೊರಸಾನ್ ಅಕಿನೊ ಅಂಥವರನ್ನು “ಹೊಸ ವೀರರು” ಎಂದು ಕರೆದರು. 2024ರಲ್ಲಿ ಅವರು ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ ಹಣ ಸುಮಾರು 3,450 ಕೋಟಿ ಡಾಲರ್. ಸಿಂಗಪುರದಲ್ಲಿ ಮನೆಗೆಲಸಕ್ಕಿದ್ದ ಫ್ಲೋರ್ ಕಾಂತೆಂಪ್ಲಾಸಿಯೊನ್ ಎಂಬ ತಾಯಿಯನ್ನು 1995ರ ಮಾರ್ಚಿನಲ್ಲಿ ಗಲ್ಲಿಗೇರಿಸಿದಾಗ ಇಡೀ ದೇಶ ಅತ್ತಿತು. ಅವಸರದಲ್ಲಿ ರಕ್ಷಣೆಯ ಕಾನೂನೊಂದು ಬಂತು; ವಿಮಾನಗಳು ಮಾತ್ರ ನಿಲ್ಲಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ಇಳಿಸಿ ಆಳ ನೋಡುವ ಸರ್ಕಾರ, ಮೇಲೆ ಬಂದವರಿಗೆ ವೀರರೆಂದು ಹಾರ ಹಾಕುತ್ತದೆ. ತಾಯಿ ಬೇರೆಯವರ ಮಗುವಿಗೆ ಜೋಗುಳ ಹಾಡಿ ತನ್ನ ಮಗುವಿಗೆ ಮನಿಆರ್ಡರ್ ಕಳಿಸುವ ಬಾಳು ವೀರತನವಲ್ಲ, ದೇಶ ಅವಳಿಗೆ ಮಾಡಿದ ದ್ರೋಹ.

ನೀರಿನಲ್ಲಿ ಕೊಚ್ಚಿಹೋದ ಹಣ

ತೂಫಾನು, ನೆರೆ ಆ ದೇಶಕ್ಕೆ ಪ್ರತಿವರ್ಷದ ನೆಂಟರು. 2013ರ ನವೆಂಬರಿನ ಒಂದೇ ತೂಫಾನಿಗೆ 6,000ಕ್ಕೂ ಹೆಚ್ಚು ಜನ ಬಲಿಯಾದರು. ಮೂರು ವರ್ಷದಲ್ಲಿ ನೆರೆ ತಡೆಯಲು 54,500 ಕೋಟಿ ಪೆಸೊ ಕೆಲಸವಾಗಿದೆ, ಅದರಲ್ಲಿ ಐದನೆಯ ಒಂದು ಪಾಲನ್ನು 15 ಕಂತ್ರಾಟುದಾರರೇ ಹೊಡೆದುಕೊಂಡಿದ್ದಾರೆ ಎಂದು 2025ರ ಆಗಸ್ಟಿನಲ್ಲಿ ಅಧ್ಯಕ್ಷ ಮಾರ್ಕೋಸನೇ ಹೇಳಬೇಕಾಯಿತು. ಕಾಗದದಲ್ಲಿ ಕಟ್ಟೆ ಮುಗಿದಿತ್ತು, ಹೊಳೆಯ ದಡದಲ್ಲಿ ಇರಲೇ ಇಲ್ಲ. ಸೊಂಟದ ಮಟ್ಟ ನೀರಿನಲ್ಲಿ ನಡೆದು ಕೆಲಸಕ್ಕೆ ಹೋಗುವ ಕೂಲಿಕಾರನಿಗೂ, ಸರಕೆಲ್ಲ ನೆನೆದುಹೋದ ಅಂಗಡಿಯವನಿಗೂ ಆಗ ಹೊಟ್ಟೆ ಉರಿಯಿತು. 2025ರ ಸೆಪ್ಟೆಂಬರ್ 21ರಂದು, ಸೈನಿಕ ಶಾಸನದ ಅದೇ ದಿನ, ಮನಿಲದ ಲುನೆತಾ ಬಯಲಿನಲ್ಲೂ ಎಡ್ಸಾದಲ್ಲೂ ಸಹಸ್ರಾರು ಜನ ಸೇರಿದರು. ಅವರಲ್ಲಿ ಬಹಳ ಮಂದಿ ಎಡ್ಸಾದ ಕಾಲಕ್ಕೆ ಹುಟ್ಟಿಯೂ ಇರದ ಹುಡುಗ ಹುಡುಗಿಯರು. ಅದಕ್ಕೆ ನಾಲ್ಕು ದಿನ ಮೊದಲೇ ಕೆಳಸಭೆಯ ಸ್ಪೀಕರ್ ಕುರ್ಚಿ ಬಿಟ್ಟಿದ್ದ. ಆತ ಅಧ್ಯಕ್ಷನ ಸೋದರಮಾವನ ಮಗ!

ಆಸೆ ಎಲ್ಲಿದೆ?

ಇಷ್ಟೆಲ್ಲ ಕೇಳಿ ಫಿಲಿಪಿನೊ ಪ್ರಜೆ ಹತಾಶನಾದರೆ ಅವನನ್ನು ದೂರುವಂತಿಲ್ಲ. ಆದರೆ ಅವನ ಇತಿಹಾಸದಲ್ಲಿಯೇ ಬೇರೊಂದು ಪುಟವಿದೆ. ದೊಡ್ಡವರು ಅದನ್ನು ಓದಿ ಹೇಳುವುದಿಲ್ಲ. 1975ರ ಅಕ್ಟೋಬರಿನಲ್ಲಿ, ಮುಷ್ಕರ ಮಾಡಿದರೆ ಸೆರೆ ಎಂಬ ಕಾಲದಲ್ಲಿ, ಮನಿಲದ ಲ ತೊಂದೆನ್ಯ ಎಂಬ ಸಾರಾಯಿ ಕಾರ್ಖಾನೆಯ ಕಾರ್ಮಿಕರು ಹಂಗಾಮಿ ಕೆಲಸಗಾರರನ್ನು ಖಾಯಂ ಮಾಡಿರೆಂದು ಕೆಲಸ ನಿಲ್ಲಿಸಿದರು. ಸೈನಿಕ ಶಾಸನಕ್ಕೆ ಬಹಿರಂಗವಾಗಿ ಎದುರು ನಿಂತ ಮೊದಲ ಮುಷ್ಕರ ಅದು. ಎಡ್ಸಾದ ಬಾಗಿಲು ತೆರೆದದ್ದು 1986ರಲ್ಲಿ. ಅದಕ್ಕೆ ಮೊದಲ ಹಾರೆಯ ಪೆಟ್ಟು ಬಿದ್ದದ್ದು ಈ ಕಾರ್ಖಾನೆಯ ಗೇಟಿನಲ್ಲಿ. 1991ರ ಸೆಪ್ಟೆಂಬರ್ 16ರಂದು ಜನರ ಒತ್ತಾಯಕ್ಕೆ ಮಣಿದ ಸೆನೆಟ್ಟು 12ಕ್ಕೆ 11 ಮತಗಳಿಂದ ಅಮೆರಿಕದ ಸೈನಿಕ ನೆಲೆಗಳ ಹೊಸ ಒಪ್ಪಂದವನ್ನು ತಿರಸ್ಕರಿಸಿತು. ಮರುವರ್ಷ ಕೊನೆಯ ಹಡಗು ಸುಬಿಕ್ ಬಂದರು ಬಿಟ್ಟಿತು. 2013ರಲ್ಲಿ ಶಾಸಕರು ತಮ್ಮ ಇಷ್ಟದಂತೆ ಖರ್ಚು ಮಾಡುತ್ತಿದ್ದ ನಿಧಿಯ ಕಳ್ಳತನ ಬಯಲಾದಾಗ ಜನ ಲುನೆತಾದಲ್ಲಿ ನೆರೆದರು. ಅದೇ ನವೆಂಬರಿನಲ್ಲಿ ಆ ನಿಧಿ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿತು. ಹಸಿಯೆಂಡ ಲುಯಿಸಿತದ ತೀರ್ಪನ್ನೂ ಯಾವ ಅಧ್ಯಕ್ಷನೂ ದಾನ ಕೊಟ್ಟದ್ದಲ್ಲ. ಏಳು ಹೆಣ ಹೊತ್ತ ಸಂಘದವರು ಬಿಡದೆ ಹೋರಾಡಿ ಪಡೆದದ್ದು.

ಈ ಎರಡು ಪಟ್ಟಿಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಒಬ್ಬ ಒಳ್ಳೆಯವಳನ್ನೋ, ಒಬ್ಬ ಸಿನೆಮಾ ವೀರನನ್ನೋ, ಒಬ್ಬ ಗಟ್ಟಿ ಕೈಯವನನ್ನೋ ನಂಬಿ ಮನೆಗೆ ಮರಳಿದಾಗಲೆಲ್ಲ ಜನ ಸೋತರು. ನಾಲ್ಕು ದಿನ ಬೀದಿಯಲ್ಲಿ ನಿಂತವರು ಐದನೆಯ ದಿನ ಅಧಿಕಾರವನ್ನು ಹಳೆಯ ಮನೆತನದ ಕೈಗಿಟ್ಟು ಚದುರಿದರೆ, ಆರನೆಯ ದಿನದಿಂದ ಹಳೆಯ ಲೆಕ್ಕವೇ ನಡೆಯುತ್ತದೆ. ಸಂಘ ಕಟ್ಟಿಕೊಂಡು, ಬೇಡಿಕೆಯನ್ನು ಸ್ಪಷ್ಟವಾಗಿ ಬರೆದುಕೊಂಡು, ವರ್ಷಗಟ್ಟಲೆ ಬಿಡದೆ ಹಿಡಿದಾಗ ಗೆದ್ದರು. ಎಡ್ಸಾದಲ್ಲಿ ಜನರಿಗೆ ಧೈರ್ಯದ ಕೊರತೆಯಿರಲಿಲ್ಲ. ಅಂದು ಅವರ ಬಳಿ ಇಲ್ಲದೆ ಹೋದದ್ದು ದುಡಿಯುವವರ ಚಂದಾದಿಂದ ನಡೆಯುವ, ದುಡಿಯುವವರಿಗೆ ಉತ್ತರ ಹೇಳಬೇಕಾದ, ದೇಶವನ್ನೆಲ್ಲ ವ್ಯಾಪಿಸಿದ ಪಕ್ಷ. ಅದು ಇಲ್ಲದೆ ಹೋದದ್ದೂ ಆಕಸ್ಮಿಕವಲ್ಲ. 1897ರಲ್ಲಿ ಬೊನಿಫಾಸಿಯೊನ ಎದೆಗೆ, 1946ರಲ್ಲಿ ಆರು ಮಂದಿಯ ಕುರ್ಚಿಗೆ, 1972ರಲ್ಲಿ ಸಂಘಗಳ ಬಾಗಿಲಿಗೆ ಬಿದ್ದ ಪೆಟ್ಟು ಅಂಥದೊಂದು ಎದ್ದು ನಿಲ್ಲದಂತೆ ಹೊಡೆದ ಪೆಟ್ಟೇ.

ಆದ್ದರಿಂದ ಲುನೆತಾದಲ್ಲಿ ನಿಂತ ಆ ಹುಡುಗ ಹುಡುಗಿಯರ ಮುಂದೆ ಇರುವ ಕೆಲಸ ಚಿಕ್ಕದಲ್ಲ. ಮನೆತನದ ರಾಜಕೀಯಕ್ಕೆ ಕಾನೂನಿನ ಕಡಿವಾಣ, ಉಳುವವನಿಗೆ ಭೂಮಿ, ಐದು ತಿಂಗಳ ಚಾಕರಿಗೆ ಕೊನೆ, ದೇಶಕ್ಕೆಲ್ಲ ಬದುಕಬಲ್ಲ ಮಜೂರಿ, ಅಂಗಡಿಯವನಿಗೆ ನ್ಯಾಯದ ಬಡ್ಡಿಯ ಸಾಲ; ಇವಿಷ್ಟನ್ನೂ ಕೇಳುವವರು ಒಂದೇ ಸಂಘಟನೆಯಾಗದೆ ಹೋದರೆ ಈ ಸಲವೂ ಕಳ್ಳ ಕಂತ್ರಾಟುದಾರನೊಬ್ಬ ಜೈಲಿಗೆ ಹೋಗುತ್ತಾನೆ, ಕಂತ್ರಾಟು ಅವನ ಬಾವಮೈದುನನಿಗೆ ಹೋಗುತ್ತದೆ.

ಇನ್ನು ಮೇಲೆ ಯಾರಾದರೂ ದೊಡ್ಡ ಮನುಷ್ಯರು “ಜನ ಎಂಥವರೋ ಸರ್ಕಾರವೂ ಅಂಥದೇ” ಎಂದರೆ ಅವರಿಗೆ ಈ ಕಥೆ ಹೇಳಿ. ಟ್ಯಾಂಕಿನ ಮುಂದೆ ನಿಂತ ಜನ ಅಂಥ ಸರ್ಕಾರಕ್ಕೆ ತಕ್ಕವರಾಗಿರಲಿಲ್ಲ. ಸರ್ಕಾರವೇ ಅವರಿಗೆ ತಕ್ಕದಾಗಿರಲಿಲ್ಲ. ರಾಗಿ ಬೀಸುವುದು ಯಾರು ಆಳಿದರೂ ತಪ್ಪದು, ಸರಿ. ಬೀಸಿದ ಹಿಟ್ಟು ಯಾರ ಮನೆಗೆ ಹೋಗಬೇಕೆಂಬುದನ್ನು ಬೀಸುವವರೇ ತೀರ್ಮಾನಿಸುವ ದಿನದವರೆಗೆ ಫಿಲಿಪಿನೊ ಪ್ರಜೆಯ ಆಸೆಯೂ ಹತಾಶೆಯೂ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ.